ಬೆಳಗಾಗುವವರೆಗೆ ನಾಟಕ

ನಾಟಕವು ಉದ್ದವಾಯಿತೆಂದು ತೀರ್ಮಾನಿಸುವವರು ಯಾರು? ಗಡಿಯಾರವೋ, ಪ್ರೇಕ್ಷಕರೋ?

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಹೊಸ ಸಂಗೀತ ನಾಟಕವನ್ನು ವಿಧ್ಯುಕ್ತ ಆರಂಭಕ್ಕೆ ಮೊದಲೇ ಜನರ ಮುಂದೆ ಆಡಿ ನೋಡುವ ಪದ್ಧತಿಯುಂಟು. ಸಭಿಕರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದನ್ನು ಗಮನಿಸಿ ತಿದ್ದುತ್ತಾರೆ. 2010ರ ನವೆಂಬರ್ 28ರಂದು ‘ಸ್ಪೈಡರ್‌ಮ್ಯಾನ್’ ಸಂಗೀತ ನಾಟಕದ ಇಂಥ ಮೊದಲ ಪ್ರಯೋಗದಲ್ಲಿ ಯಂತ್ರಗಳು ಕೈಕೊಟ್ಟು ಆಟವು ಮತ್ತೆ ಮತ್ತೆ ನಿಂತಿತು. ಮುಗಿಯುವಾಗ ಸುಮಾರು ಮೂರೂವರೆ ಗಂಟೆ. ಪ್ರೇಕ್ಷಕರು ಬೇಸತ್ತರು. ನಾಟಕವನ್ನು ಬಹುಮಟ್ಟಿಗೆ ಮಾರ್ಪಡಿಸಿ, 182 ಪೂರ್ವಪ್ರದರ್ಶನಗಳಾದ ಮೇಲೆ, 2011ರ ಜೂನ್ 14ರಂದು ವಿಧ್ಯುಕ್ತವಾಗಿ ಆರಂಭಿಸಿದರು.

ಅದೇ 2010ರಲ್ಲಿ ಮೈಸೂರಿನ ರಂಗಾಯಣವು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಂಗಕ್ಕೆ ತಂದಿತು. ರಂಗರೂಪ ಕೆ. ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು, ನಿರ್ದೇಶನ ಸಿ. ಬಸವಲಿಂಗಯ್ಯನವರದು. ಅವಧಿಯೋ ಸುಮಾರು ಒಂಬತ್ತು ಗಂಟೆ! ಆದರೂ ಜನ ಬೇಸರಿಸಲಿಲ್ಲ. 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ರಾತ್ರಿಯೆಲ್ಲ ಕುಳಿತು ನೋಡಿದರು. ಕುಳಿತೇ ಇದ್ದರೆಂದಲ್ಲ. ಬಯಲಿನಲ್ಲಿ ನಾಲ್ಕು ರಂಗಸ್ಥಳಗಳಿದ್ದವು. ಒಂದೆಡೆಯ ಆಟ ಮುಗಿದೊಡನೆ ಎಲ್ಲರೂ ಎದ್ದು ಇನ್ನೊಂದೆಡೆಗೆ ನಡೆಯಬೇಕು. ಕಾಲಿಗೂ ಬಿಡುವು, ಕಣ್ಣಿಗೂ ಹೊಸ ನೋಟ.

ಧರ್ಮಪುರ, ಹಿರಿಯೂರು, ಹೊಸದುರ್ಗದ ಕಡೆಯ ಹಿರಿಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಮೂಡಲಪಾಯ ಬಯಲಾಟಕ್ಕೆ ಚಾಪೆ ಕಂಬಳಿಗಳೊಡನೆ ಹೊರಟವರು ಬೆಳಗಿನವರೆಗೆ ಇರಲೆಂದೇ ಹೊರಟವರು. ನಿದ್ದೆ ಬಂದರೆ ಅಲ್ಲಿಯೇ ಒರಗಿ, ಭಾಗವತರ ಪದ ಏರಿದಾಗ ಎದ್ದು ಕೂರಬಹುದಿತ್ತು.

ಪ್ರೇಕ್ಷಕರನ್ನು ಕುರ್ಚಿಗೆ ಕಟ್ಟಿಹಾಕಿ ಕಾಯಿಸಿದರೆ ಮೂರು ಗಂಟೆಯೂ ದೀರ್ಘವೇ. ಎದ್ದು ಓಡಾಡಲು, ಒರಗಲು ಎಡೆಯಿತ್ತು, ಕಥೆಯೂ ಮುಂದೆ ಸಾಗಿದರೆ ಇಡೀ ರಾತ್ರಿಯನ್ನೂ ಅವರು ಸಂತೋಷದಿಂದ ಕೊಡುತ್ತಾರೆ.