ನಾಯಿಯ ಹೆಸರಿನಲ್ಲಿ ಬಣ್ಣ

ಮನೆಗೆ ಹೊಸದಾಗಿ ಒಂದು ನಾಯಿಮರಿ ಬಂದಿದೆ. ಏನು ಹೆಸರಿಡೋಣ? ಎಲ್ಲರೂ ಮೊದಲು ಅದರ ಮೈ ನೋಡುತ್ತೀರಿ. ಕಪ್ಪಾಗಿದ್ದರೆ ಕರಿಯ ಅಥವಾ ಕಾಳ, ಕೆಂಪಗಿದ್ದರೆ ಕೆಂಚ, ಬಿಳಿಯಾಗಿದ್ದರೆ ಬೆಳ್ಳಿ, ಮೈಮೇಲೆ ಪಟ್ಟೆಗಳಿದ್ದರೆ ಹುಲಿಯ. ಪಟ್ಟಣಕ್ಕೆ ಬಂದರೆ ಇವೇ ಬ್ಲ್ಯಾಕಿ, ಬ್ರೌನಿ, ಸ್ನೋಯಿ ಆಗುತ್ತವೆ.

ಈ ಪದ್ಧತಿ ಹೊಸದಲ್ಲ. ಅಥರ್ವವೇದದಲ್ಲಿ ಬರುವ ಯಮನ ನಾಯಿಗಳ ಹೆಸರು ಶ್ಯಾಮ ಮತ್ತು ಶಬಲ. ಶ್ಯಾಮ ಎಂದರೆ ಕಪ್ಪು, ಶಬಲ ಎಂದರೆ ಹಲವು ಬಣ್ಣ ಬೆರೆತದ್ದು. ಬಣ್ಣದ ಹೆಸರು ಹೊತ್ತ ನಾಯಿಯೊಂದು ಬಾಹ್ಯಾಕಾಶಕ್ಕೂ ಹೋಗಿ ಬಂದಿದೆ. ಗಗಾರಿನ್ ಅವರ ಯಾನಕ್ಕೆ ಸುಮಾರು ಒಂದು ತಿಂಗಳು ಮೊದಲು, 1961ರ ಮಾರ್ಚ್ 9ರಂದು, ಸೋವಿಯತ್ ವಿಜ್ಞಾನಿಗಳು ನೌಕೆಯಲ್ಲಿ ಕಳುಹಿಸಿ ಸುರಕ್ಷಿತವಾಗಿ ಇಳಿಸಿಕೊಂಡ ಆ ನಾಯಿ ಚೆರ್ನುಷ್ಕಾ. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ನಮ್ಮ 'ಕರಿ' ಎಂದೇ ಅರ್ಥ!

ಎರಡೇ ವರ್ಣದ್ರವ್ಯಗಳು

ನಾಯಿಗಳಲ್ಲಿ ಇಷ್ಟೊಂದು ಬಣ್ಣಗಳು ಎಲ್ಲಿಂದ ಬಂದವು? ಆಶ್ಚರ್ಯವೆಂದರೆ ಎಲ್ಲಕ್ಕೂ ಮೂಲ ಎರಡೇ ವರ್ಣದ್ರವ್ಯಗಳು. ಯೂಮೆಲಾನಿನ್ ಕಪ್ಪು ಅಥವಾ ಕಂದು ಬಣ್ಣ ಕೊಡುತ್ತದೆ. ಫಿಯೋಮೆಲಾನಿನ್ ಕೆಂಪು ಅಥವಾ ಹಳದಿ ಬಣ್ಣ ಕೊಡುತ್ತದೆ. ಯಾವುದು, ಮೈಯ ಯಾವ ಭಾಗದಲ್ಲಿ, ಎಷ್ಟು ಎಂಬುದನ್ನು ಜೀನ್‌ಗಳು ನಿರ್ಧರಿಸುತ್ತವೆ. ಕಪ್ಪು ಮೈಗೆ ಕಾರಣವಾಗುವ ಒಂದು ಮುಖ್ಯ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 2007ರಲ್ಲಿ. ಕರಿಯ ಎಂದು ಕರೆದಾಗ ನೀವು ಯೂಮೆಲಾನಿನ್‌ನ ಹೆಸರು ಹೇಳಿದಂತೆ. ಕೆಂಚ ಎಂದರೆ ಫಿಯೋಮೆಲಾನಿನ್‌ನದು.

ಆದರೆ ಅವಸರ ಬೇಡ. ಮರಿಯ ಬಣ್ಣ ಹಾಗೆಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಚುಕ್ಕೆಗಳಿಗೆ ಹೆಸರಾದ ಡಾಲ್ಮೇಷಿಯನ್ ಹುಟ್ಟುವಾಗ ಅಚ್ಚ ಬಿಳುಪು. ಚುಕ್ಕೆಗಳು ಮೂಡುವುದು ಕೆಲವು ವಾರಗಳಲ್ಲಿ. ಯಾರ್ಕ್‌ಷೈರ್ ಟೆರಿಯರ್ ಮರಿಯ ಕಪ್ಪು ಬೆನ್ನು ಬೆಳೆದಂತೆ ಉಕ್ಕಿನ ಬೂದು ಬಣ್ಣಕ್ಕೆ ತಿರುಗುತ್ತದೆ. ಇಂದಿನ ಕರಿಯ ನಾಳೆ ಬೂದನಾದರೆ ನಗುವವರು ನಿಮ್ಮ ಸ್ನೇಹಿತರೇ.

ನಾಯಿಗೆ ತನ್ನ ಬಣ್ಣ ಕಾಣುತ್ತದೆಯೇ?

ನಿಮ್ಮ ಮನೆಯ ಟಿ.ವಿ. ಪರದೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕೆಂಪು, ಹಸಿರು, ನೀಲಿ, ಈ ಮೂರೇ ಬಣ್ಣದ ಬಿಂದುಗಳು ಕಾಣುತ್ತವೆ. ಮನುಷ್ಯನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯವಾದ್ದರಿಂದ ನಮಗೆ ಅಷ್ಟು ಸಾಕು. ನಾಯಿಯಲ್ಲಿ ಅವು ಎರಡೇ ಬಗೆ. ಒಂದು ಸುಮಾರು 429 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ, ಇನ್ನೊಂದು ಸುಮಾರು 555 ನ್ಯಾನೋಮೀಟರ್ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ ಎಂದು 1989ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ನೀಲಿ ಮತ್ತು ಹಳದಿಯನ್ನು ನಾಯಿ ಬೇರ್ಪಡಿಸಬಲ್ಲದು. ಕೆಂಪು ಹಸಿರುಗಳ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯದು. ಹಸಿರು ಹುಲ್ಲಿನ ಮೇಲೆ ಮಲಗಿದ ಕೆಂಚ ನಿಮ್ಮ ಕಣ್ಣಿಗೆ ಎದ್ದು ಕಾಣುವಂತೆ ಇನ್ನೊಂದು ನಾಯಿಯ ಕಣ್ಣಿಗೆ ಕಾಣುವುದಿಲ್ಲ. ಅಂದರೆ ಬಣ್ಣದ ಹೆಸರು ಇರುವುದು ನಮ್ಮ ಸಂತೋಷಕ್ಕೆ. ನಾಯಿಗೆ ಅದು ಬರೀ ಶಬ್ದ.

ಆದ್ದರಿಂದ ಶಬ್ದದ ದೃಷ್ಟಿಯಿಂದಲೂ ಹೆಸರನ್ನು ಪರೀಕ್ಷಿಸಿ. ಎರಡು ಮೂರು ಅಕ್ಷರಗಳಿದ್ದರೆ ಸಾಕು. ಮನೆಯಲ್ಲಿ ದಿನವೂ ಆಡುವ ಮಾತಿಗೆ ಹೋಲಬಾರದು. ಕಂದು ಬಣ್ಣದ ಮರಿಗೆ 'ಕಂದು' ಎಂದು ಹೆಸರಿಟ್ಟರೆ, ಅಮ್ಮ ತೊಟ್ಟಿಲ ಮಗುವನ್ನು 'ಕಂದ' ಎಂದು ಕರೆದಾಗಲೆಲ್ಲ ನಾಯಿ ಓಡಿ ಬಂದೀತು! ಇನ್ನೊಂದು ಮಾತು: ಪಕ್ಕದ ಮನೆಯಲ್ಲಿ ಕರಿಯಪ್ಪನವರೋ ಕೆಂಚಮ್ಮನವರೋ ಇದ್ದರೆ, ಅಥವಾ ಮೈಬಣ್ಣಕ್ಕಾಗಿ ಗೇಲಿಗೆ ಒಳಗಾಗುವ ಹುಡುಗನಿದ್ದರೆ, ಬೀದಿಯಲ್ಲಿ ನಿಂತು ಅದೇ ಹೆಸರನ್ನು ಕೂಗುವ ಮೊದಲು ಯೋಚಿಸಿ. ನಾಯಿಗೆ ನೋವಾಗದು, ಮನುಷ್ಯರಿಗೆ ಆಗುತ್ತದೆ.

ಬೆಳ್ಳಿ ಏಕೆ ಓಗೊಡುತ್ತಿಲ್ಲ?

ಬಣ್ಣ ಮತ್ತು ಹೆಸರಿನ ಸಂಬಂಧ ಬಹು ಮುಖ್ಯವಾಗುವುದು ಬಿಳಿಯ ಮರಿಗಳಲ್ಲಿ. ಬಿಳುಪಿಗೆ ಎರಡು ಕಾರಣಗಳಿರಬಹುದು. ಮೊದಲನೆಯದು, ಫಿಯೋಮೆಲಾನಿನ್ ತೀರಾ ತೆಳುವಾಗಿರುವುದು. ಇದರಿಂದ ಕಿವಿಗೆ ತೊಂದರೆಯಿಲ್ಲ. ಎರಡನೆಯದು, ವರ್ಣದ್ರವ್ಯ ತಯಾರಿಸುವ ಕೋಶಗಳೇ ಚರ್ಮದ ಆ ಭಾಗಕ್ಕೆ ತಲುಪದಿರುವುದು. ಈ ಕೋಶಗಳು ಒಳಗಿವಿಗೂ ಬೇಕು. ಅಲ್ಲಿಗೂ ಅವು ತಲುಪದಿದ್ದರೆ, ಶಬ್ದ ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಮರಿ ಒಂದು ಕಿವಿಯಲ್ಲಿ ಅಥವಾ ಎರಡರಲ್ಲೂ ಕಿವುಡಾಗುತ್ತದೆ. ಡಾಲ್ಮೇಷಿಯನ್‌ಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಹಾಗೆಂದು ಬಿಳಿ ನಾಯಿಗಳೆಲ್ಲ ಕಿವುಡಲ್ಲ, ನೆನಪಿಡಿ.

ಕರೆದರೂ ಬಾರದ ಮರಿಯನ್ನು 'ಮೊಂಡು' ಎಂದು ಹೊಡೆಯುವವರುಂಟು. ಹಾಗೆ ಮಾಡಬೇಡಿ. ಮರಿಗೆ ಎರಡು ತಿಂಗಳಾದ ಮೇಲೆ, ಅದು ನಿದ್ರಿಸುವಾಗ ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲು ಅಲುಗಾಡಿಸಿ. ನೆಲ ಅದುರಬಾರದು, ಗಾಳಿ ತಾಗಬಾರದು, ಮನೆಯ ಬೇರೆ ನಾಯಿ ಹತ್ತಿರ ಇರಬಾರದು. ಹಲವು ಬಾರಿ ಮಾಡಿದರೂ ಕಿವಿ ನಿಮಿರದಿದ್ದರೆ ಪಶುವೈದ್ಯರಿಗೆ ತೋರಿಸಿ. ಒಂದು ಕಿವಿ ಕೇಳುವ ಮರಿ ಎಚ್ಚರವಾದರೂ ಶಬ್ದ ಬಂದ ದಿಕ್ಕು ತಿಳಿಯದೆ ತಬ್ಬಿಬ್ಬಾಗಬಹುದು. ಪೂರ್ತಿ ಕಿವುಡಾದರೂ ಚಿಂತೆಯಿಲ್ಲ, ಕೈಸನ್ನೆಗಳಿಂದ ಕಲಿಸಬಹುದು. ಆಗ ನೀವು ಎತ್ತಿದ ಕೈಯೇ ಅದರ ಹೆಸರು. ಅಂಥ ನಾಯಿಯನ್ನು ಮಾತ್ರ ಹಗ್ಗವಿಲ್ಲದೆ ರಸ್ತೆಗೆ ಬಿಡಬೇಡಿ. ವಾಹನದ ಸದ್ದು ಅದಕ್ಕೆ ಕೇಳದು.

ಈ ವಾರ ನಿಮ್ಮ ಬೀದಿಯ ನಾಯಿಗಳ ಪಟ್ಟಿ ಮಾಡಿ. ಹೆಸರು, ಮೈಬಣ್ಣ, ಮೂಗಿನ ಬಣ್ಣ ಬರೆದುಕೊಳ್ಳಿ. ಎಷ್ಟು ಹೆಸರುಗಳು ಬಣ್ಣದಿಂದ ಬಂದವು? ಎಷ್ಟು ನಾಯಿಗಳು ಈಗ ಹೆಸರಿಗೆ ಹೊಂದುವುದಿಲ್ಲ? ಕರೆದಾಗ ಎಷ್ಟು ತಿರುಗಿ ನೋಡುತ್ತವೆ? ಗುರುತಿಲ್ಲದ ನಾಯಿಯ ಹತ್ತಿರ ಮಾತ್ರ ಹೋಗಬೇಡಿ, ದೂರದಿಂದಲೇ ನೋಡಿ.