ಬಂಡೆಯ ಮೇಲೆ ಮನೆ, ಹಿಮದ ಮೇಲೆ ದಾರಿ

ಪುಣೆಯಿಂದ ಆಳಂದಿಗೆ ಹೋಗುವಾಗ ದಿಘಿ ಸಿಗುತ್ತದೆ. ಜ್ಞಾನೇಶ್ವರರ ಪಲ್ಲಕ್ಕಿಯ ಜೊತೆ ವಾರಕರಿ ಯಾತ್ರಿಕರು ನಡೆಯುವ ದಾರಿ ಇದು. ಮೇ ತಿಂಗಳಲ್ಲಿ ನೆತ್ತಿ ಸುಡುವ ಈ ಊರಿನಲ್ಲಿ ಡಿಆರ್‌ಡಿಒದ ಎಂಜಿನಿಯರಿಂಗ್ ಪ್ರಯೋಗಾಲಯವಿದೆ. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ‘ಮೈತ್ರಿ’ ನೆಲೆಯ ನಕ್ಷೆ ಮೂಡಿದ್ದು ಇಲ್ಲಿಯೇ.

ಅದಕ್ಕೂ ಮೊದಲು ‘ದಕ್ಷಿಣ ಗಂಗೋತ್ರಿ’ ಇತ್ತು. 1983–84ರಲ್ಲಿ ಹರ್ಷ ಗುಪ್ತ ಅವರ ನೇತೃತ್ವದ ಭಾರತದ ಮೂರನೇ ಅಂಟಾರ್ಕ್ಟಿಕಾ ತಂಡ ಅದನ್ನು ಕಡಲಂಚಿನ ಹಿಮದ ಹಾಸಿನ ಮೇಲೆ ಕಟ್ಟಿತು. ಹಡಗು ಹತ್ತಿರವಿದ್ದುದರಿಂದ ಸಾಮಾನು ಸಾಗಿಸುವುದು ಸಲೀಸು. ಆದರೆ ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ. ವರ್ಷದ ಮೇಲೆ ವರ್ಷ ಪೇರುತ್ತಾ ಹೋಗಿ ಮನೆಯನ್ನೇ ಹೂತುಹಾಕಿತು. ಮನೆಯನ್ನು ನುಂಗುವ ಹಿಮ ಅಂಗಳದ ವಾಹನವನ್ನು ಬಿಟ್ಟೀತೇ? ಬಿರುಗಾಳಿ ನಿಂತ ಮೇಲೆ ಸಲಿಕೆ ಹಿಡಿದು ಅಗೆಯಬೇಕು. 1990ರಲ್ಲಿ ಆ ನೆಲೆಯನ್ನು ಕೈಬಿಟ್ಟರು.

ಆ ಹೊತ್ತಿಗೆ, 1989ರಲ್ಲಿ, ಶಿರ್ಮಾಕರ್ ಎಂಬ ಬೋಳು ಬಂಡೆಗಳ ಸೀಮೆಯಲ್ಲಿ ಮೈತ್ರಿ ಎದ್ದಿತ್ತು. ಮನೆಗೆ ಉಕ್ಕಿನ ಕಾಲುಗಳು. ಹಿಮ ಹೊತ್ತ ಗಾಳಿ ಅಡಿಯಿಂದ ನುಸುಳಿ ಹೋಗಲಿ ಎಂದು. ಮನೆ ಉಳಿಯಿತು. ಆದರೆ ಕಡಲಂಚು ಸುಮಾರು 100 ಕಿ.ಮೀ. ದೂರವಾಯಿತು. ಇಂಧನ, ಅಕ್ಕಿಬೇಳೆ ಎಲ್ಲವನ್ನೂ ಜಾರುಬಂಡಿಗಳಿಗೆ ಹೇರಿ ಹಿಮದ ಮೇಲೆ ಎಳೆದು ತರಬೇಕು. ನನಗೆ ಈ ಕಥೆಯ ತಿರುಳು ಕಾಣುವುದು ಇಲ್ಲಿ: ಮನೆಯನ್ನು ಕಾಪಾಡಿಕೊಂಡ ಮೇಲೆ ವಾಹನವನ್ನು ಕಾಪಾಡುವುದೇ ಬದುಕಾಯಿತು.

ಎಳೆಯುವುದು ಪಿಸ್ಟೆನ್‌ಬುಲ್ಲಿ. ಬಸ್ಸು ಕಟ್ಟುತ್ತಿದ್ದ ಜರ್ಮನಿಯ ಕೇಸ್‌ಬೋರರ್ ಕಂಪನಿ 1969ರಲ್ಲಿ ಸ್ಕೀ ಇಳಿಜಾರುಗಳನ್ನು ಹದಮಾಡಲೆಂದು ತಯಾರಿಸಿದ ಯಂತ್ರ. ರಬ್ಬರ್ ಬೆಲ್ಟುಗಳಿಗೆ ಅಡ್ಡಲಾಗಿ ಲೋಹದ ಪಟ್ಟಿ ಬಿಗಿದ ಅಗಲವಾದ ಟ್ರ್ಯಾಕ್, ಭಾರವನ್ನು ಹರಡಿ ಹಿಮದಲ್ಲಿ ಹೂತುಹೋಗದಂತೆ ತಡೆಯುತ್ತದೆ. ಆದರೆ ಮನೆಯನ್ನು ಉಳಿಸಿದ ಬಂಡೆಯೇ ಈ ಟ್ರ್ಯಾಕಿಗೆ ವೈರಿ. ಕಲ್ಲಿನ ಮೇಲೆ ತಿರುಗಿಸಿದರೆ ಬೆಲ್ಟು ಹರಿಯುತ್ತದೆ, ಪಟ್ಟಿ ಸೊಟ್ಟಗಾಗುತ್ತದೆ.

ನಿಲ್ಲಿಸುವುದೂ ಒಂದು ವಿದ್ಯೆ. ಟ್ರ್ಯಾಕಿನೊಳಗೆ ಮೆತ್ತಿದ ಹಿಮವನ್ನು ಕೆರೆದು ತೆಗೆಯದಿದ್ದರೆ ರಾತ್ರಿ ಅದು ಕಲ್ಲಾಗಿ ಚಕ್ರಗಳನ್ನು ಕಚ್ಚಿಕೊಳ್ಳುತ್ತದೆ. ಅಡಿಗೆ ಹಲಗೆ ಹಾಸದಿದ್ದರೆ ಇಡೀ ಗಾಡಿ ನೆಲಕ್ಕೆ ಅಂಟುತ್ತದೆ. ಟ್ಯಾಂಕ್ ತುಂಬಿಸಿಡಬೇಕು, ಇಲ್ಲದಿದ್ದರೆ ಖಾಲಿ ಜಾಗದ ತೇವ ನೀರಾಗಿ, ಮಂಜುಗಡ್ಡೆಯಾಗಿ ಇಂಧನದ ಕೊಳವೆ ಕಟ್ಟುತ್ತದೆ. ಸಾದಾ ಡೀಸೆಲ್ ಆ ಚಳಿಯಲ್ಲಿ ಮಂದವಾಗುವುದರಿಂದ ಬಳಸುವುದು ವಿಮಾನದ ಇಂಧನ. ಬ್ಯಾಟರಿಗೆ ಬೆಚ್ಚಗಿನ ಜಾಗ ಬೇಕು. ಎಂಜಿನ್ನನ್ನು ಮೊದಲೇ ಹೀಟರ್‌ನಿಂದ ಕಾಯಿಸಿಕೊಂಡು, ಶುರುವಾದ ಮೇಲೂ ಎಣ್ಣೆ ಹರಿದು ರಬ್ಬರ್ ಮೆತ್ತಗಾಗುವವರೆಗೆ ನಿಧಾನವಾಗಿ ನಡೆಸಬೇಕು. 1911ರಲ್ಲಿ ದಕ್ಷಿಣ ಧ್ರುವದತ್ತ ಹೊರಟ ಬ್ರಿಟಿಷ್ ಅನ್ವೇಷಕ ಸ್ಕಾಟ್ ಒಯ್ದಿದ್ದ ಮೋಟಾರು ಜಾರುಬಂಡಿಗಳು ಕೆಟ್ಟಿದ್ದು, ಅಷ್ಟು ಚಳಿಯಲ್ಲೂ, ಎಂಜಿನ್ ವಿಪರೀತ ಕಾದು! ಈ ನೆಲದಲ್ಲಿ ಯಂತ್ರ ಸಾಕುವುದು ಅಷ್ಟು ಸೂಕ್ಷ್ಮದ ಕೆಲಸ.

ಜೂನ್‌ ಹೊತ್ತಿಗೆ ದಿಘಿಯಲ್ಲಿ ಮೊದಲ ಮಳೆ, ವಾರಕರಿಗಳ ತಾಳಮೃದಂಗದ ಸದ್ದು. ಆಗ ಮೈತ್ರಿಯಲ್ಲಿ ಸೂರ್ಯ ಮೂಡದ ಎರಡು ತಿಂಗಳ ಇರುಳು. ಅಲ್ಲಿ ಚಳಿಗಾಲ ಕಳೆಯುವ ಮೆಕ್ಯಾನಿಕ್‌ಗಳು ದೀಪದ ಬೆಳಕಿನಲ್ಲಿ ಟ್ರ್ಯಾಕ್ ಬಿಚ್ಚಿ ಒಂದೊಂದೇ ಬೋಲ್ಟನ್ನು ನೋಡುತ್ತಿರುತ್ತಾರೆ. ಬೇಸಿಗೆಯ ಹಡಗು ಬರುವಷ್ಟರಲ್ಲಿ ಗಾಡಿ ಸಿದ್ಧವಿರಬೇಕು.