ನಿಮಗಿದು ಗೊತ್ತೆ? ಕಡೂರು ಜಿಲ್ಲೆಯ ಕೂಸು, ಮಕ್ಕಳ ನಾಟಕಕಾರ!

ಕುವೆಂಪು ಹುಟ್ಟಿದ್ದು ಕಡೂರು ಜಿಲ್ಲೆಯಲ್ಲಿ! ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಅರಸರ ಕಾಲದಲ್ಲಿದ್ದ ಹೆಸರು ಅದೇ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಅವರ ತಾಯಿಯ ತವರು. ಹುಟ್ಟಿದ ದಿನ 1904ರ ಡಿಸೆಂಬರ್ 29.

ಮಹಾಕಾವ್ಯ, ಮಹಾಕಾದಂಬರಿಗಳಿಗೂ ಮೊದಲೇ ಅವರು ಮಕ್ಕಳಿಗಾಗಿ ನಾಟಕ ಬರೆದರು. ‘ಮೋಡಣ್ಣನ ತಮ್ಮ’ ಬಂದದ್ದು 1926ರಲ್ಲಿ. ಆಗ ಅವರಿನ್ನೂ ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿ!

1930ರ ‘ನನ್ನ ಗೋಪಾಲ’ ನಾಟಕಕ್ಕೆ ಸ್ವಾಮಿ ವಿವೇಕಾನಂದರು ಹೇಳಿದ ಕಥೆಯ ನಂಟಿದೆ. ಬಡ ತಾಯಿಯ ಒಬ್ಬನೇ ಮಗ ಕಾಡುದಾರಿಯಲ್ಲಿ ಒಂಟಿಯಾಗಿ ಶಾಲೆಗೆ ಹೋಗಬೇಕು. ಹೆದರಿಕೆ. ‘ಕಾಡಿನಲ್ಲಿ ನಿನ್ನ ಅಣ್ಣನಿದ್ದಾನೆ, ಕೂಗು’ ಎನ್ನುತ್ತಾಳೆ ತಾಯಿ. ಕೂಗಿದರೆ ಬರುವವನು ಸಾಕ್ಷಾತ್ ಗೋಪಾಲಕೃಷ್ಣ! ಇದನ್ನು ಆಡಲು ದುಬಾರಿ ಪರದೆ, ಸೀನು ಏನೂ ಬೇಡ. ಹಸಿರು ಸೊಪ್ಪು ಹಿಡಿದು ನಿಂತ ನಾಲ್ಕು ಮಕ್ಕಳೇ ಕಾಡಾಗಬಹುದು. ಕೊಳಲಿನ ದನಿಯೊಂದಿದ್ದರೆ ಕೃಷ್ಣ ಬಂದಂತೆಯೇ. ನಮ್ಮೂರಿನ ಯಾವ ಶಾಲೆಯ ಜಗಲಿಯಾದರೂ ಸಾಕು.